ಬಂದರಿನ ದಾಖಲೆ, ಗಡಿಯ ದೇವತೆ: ಕಾಲರಾ ಚರಿತ್ರೆಯ ಬರವಣಿಗೆಯನ್ನು ಕುರಿತು

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಬಂದರು ಪಟ್ಟಣಗಳಿಂದಲೇ ತಮ್ಮ ಬರವಣಿಗೆಯನ್ನು ಆರಂಭಿಸಿದ್ದಾರೆ. ಕಾಲರಾದ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. 1543ರಲ್ಲಿ ಗೋವೆಯಲ್ಲಿ ಕಾಣಿಸಿಕೊಂಡ ಉಗ್ರ ವಾಂತಿಭೇದಿಯನ್ನು ಪೋರ್ಚುಗೀಸ್ ಚರಿತ್ರೆಕಾರ ಗಾಸ್ಪರ್ ಕೊರೆಯಾ ದಾಖಲಿಸಿದ್ದಾನೆ. 1563ರಲ್ಲಿ ಅದೇ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ವೈದ್ಯಗ್ರಂಥದಲ್ಲಿಯೂ ಈ ಬೇನೆಯ ವರ್ಣನೆ ಇದೆ. ಮರಾಠಿಯ ‘ಮೋಡಶಿ’ ಎಂಬ ಪದ ಪೋರ್ಚುಗೀಸರ ಬಾಯಲ್ಲಿ ‘ಮೋರ್ದೆಶಿಂ’ ಆಗಿ, ಮುಂದೆ ಫ್ರೆಂಚರ ಬಾಯಲ್ಲಿ ‘ನಾಯಿಯ ಸಾವು’ ಎಂಬ ಅರ್ಥ ಕೊಡುವ ಮಾತಾಗಿ ಮಾರ್ಪಟ್ಟಿತು. ಒಳನಾಡಿನ ಒಂದು ದೇಶೀ ಪದ ಬಂದರಿನಲ್ಲಿ ಹಡಗು ಹತ್ತಿ ಹೊರಟು, ಹಿಂದಿರುಗಿ ಬರುವಾಗ ಗುರುತೇ ಸಿಗದಂತಾಗಿತ್ತು. ಕಾಲರಾದ ಚರಿತ್ರೆಗೆ ಆದದ್ದೂ ಬಹುಮಟ್ಟಿಗೆ ಇದೇ.

ಬಂದರಿಗೆ ಈ ಪ್ರಾಧಾನ್ಯ ದೊರೆತದ್ದು ಅಕಾರಣವಲ್ಲ. ಅಲ್ಲಿ ಸುಂಕದ ಕಟ್ಟೆಯಿತ್ತು, ಆಸ್ಪತ್ರೆಯಿತ್ತು, ಪತ್ರಿಕೆಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತವರನ್ನು ಎಣಿಸಿ ಬರೆದಿಡುವ ಗುಮಾಸ್ತರಿದ್ದರು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಸುಮಾರು 8,600 ಜನ ಕಾಲರಾಕ್ಕೆ ಬಲಿಯಾದರು. ಎಲ್ಬ್ ನದಿಯ ನೀರನ್ನು ಮರಳಿನಲ್ಲಿ ಸೋಸದೆ ಕುಡಿದ ಹ್ಯಾಂಬರ್ಗ್ ನರಳಿತು; ಅದೇ ನದಿಯ ನೀರನ್ನು ಸೋಸಿ ಕುಡಿದ ಪಕ್ಕದ ಅಲ್ಟೋನಾ ಬಹುಮಟ್ಟಿಗೆ ಪಾರಾಯಿತು. ರಿಚರ್ಡ್ ಇವಾನ್ಸ್ ಅವರು 1987ರಲ್ಲಿ ಪ್ರಕಟಿಸಿದ ಬೃಹತ್ ಕೃತಿ ಈ ಒಂದು ನಗರದ ಒಂದು ಪಿಡುಗನ್ನು ಹಿಡಿದು, ಅಲ್ಲಿನ ವರ್ತಕರ ಆಳ್ವಿಕೆಯನ್ನೂ ಬಡವರ ಕೇರಿಗಳನ್ನೂ ಬಯಲಿಗಿಡುತ್ತದೆ. ಅದು ಸಾಧ್ಯವಾದದ್ದು ಹ್ಯಾಂಬರ್ಗಿನಲ್ಲಿ ಕಾಗದಪತ್ರಗಳಿದ್ದುದರಿಂದ. ಕಾಗದವಿಲ್ಲದ ಊರಿನಲ್ಲಿ ಸತ್ತವರ ಚರಿತ್ರೆಯನ್ನು ಯಾವ ಆಕರದಿಂದ ಬರೆಯಬೇಕು? ಈ ಪ್ರಶ್ನೆ ಚರಿತ್ರೆಕಾರರಿಗೆ ಸಂಬಂಧಿಸಿದ್ದೆಂದು ಜಾನಪದ ವಿದ್ವಾಂಸರು ಸುಮ್ಮನಿದ್ದಾರೆ. ಜಾನಪದಕ್ಕೆ ಸೇರಿದ್ದೆಂದು ಚರಿತ್ರೆಕಾರರು ಬಿಟ್ಟಿದ್ದಾರೆ.

ದಖನ್ನಿನ ಮಟ್ಟಿಗೆ ಈ ಪ್ರಶ್ನೆಗೆ ಮುಂಬಯಿ ಬಂದರೇ ಪ್ರವೇಶದ್ವಾರ. 1817ರಲ್ಲಿ ಬಂಗಾಳದ ಜೆಸೋರ್‌ನಲ್ಲಿ ಉಲ್ಬಣಿಸಿದ ಕಾಲರಾ, ಅದೇ ವರ್ಷದ ನವೆಂಬರಿನಲ್ಲಿ ಬುಂದೇಲಖಂಡದಲ್ಲಿ ಬೀಡುಬಿಟ್ಟಿದ್ದ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನ ಸೈನ್ಯವನ್ನು ಹೊಕ್ಕಿತು. 1818ರಲ್ಲಿ ಅದು ನಾಗಪುರದಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿ, ಜುಲೈ ತಿಂಗಳಲ್ಲಿ ಯಾತ್ರೆಯ ಕಾಲಕ್ಕೆ ಪಂಢರಪುರವನ್ನು ಮುಟ್ಟಿ, ಆಗಸ್ಟ್‌ನಲ್ಲಿ ಪನ್ವೇಲ್ ಮಾರ್ಗವಾಗಿ ಮುಂಬಯಿಯನ್ನು ಸೇರಿತು. ಮುಂಬಯಿಯ ವೈದ್ಯಕೀಯ ಮಂಡಳಿ 1819ರಲ್ಲಿ ಪ್ರಕಟಿಸಿದ ವರದಿ ಈ ಪಿಡುಗನ್ನು ಕುರಿತ ಮೊದಲ ಮುದ್ರಿತ ದಾಖಲೆಗಳಲ್ಲಿ ಒಂದು. ಅನಂತರ ಈ ಬಂದರಿನ ಹೆಸರು ಹೊರನಾಡಿನ ಚರಿತ್ರೆಗಳಲ್ಲಿಯೂ ಸೇರಿತು. 1821ರ ಹೊತ್ತಿಗೆ ಬೇನೆ ಕಡಲು ದಾಟಿ ಮಸ್ಕತ್ತನ್ನೂ ಪರ್ಷಿಯಾ ಕೊಲ್ಲಿಯ ಬಂದರುಗಳನ್ನೂ ತಲುಪಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1818ರಲ್ಲಿ ಕಾಲರಾ ಮುಂಬಯಿಗೆ ಸಮುದ್ರದಿಂದ ಬರಲಿಲ್ಲ, ನೆಲದಿಂದ ಬಂದಿತು. ಬಂದರು ಆ ಬೇನೆಯ ತವರಲ್ಲ, ಅದು ದಾಟಿಹೋದ ಕೊನೆಯ ಅಗಸಿ ಮಾತ್ರ. ಅದಕ್ಕೂ ಮುಂಚೆ ನೂರಾರು ಹಳ್ಳಿಗಳ ಅಗಸಿಗಳನ್ನು ಅದು ದಾಟಿತ್ತು. ಆ ಹಳ್ಳಿಗಳ ಮಟ್ಟಿಗೆ ವರದಿ ಬರೆಯುವ ಮಂಡಳಿ ಇರಲಿಲ್ಲ.

ಪಂಢರಪುರದ ದಂಡೆಯಲ್ಲಿ ಚಂದ್ರಭಾಗಾ ಎಂದು ಕರೆಸಿಕೊಳ್ಳುವ ಹೊಳೆಯೇ ಭೀಮಾ. ಅದು ಅಲ್ಲಿಂದ ಕೆಳಗಿಳಿದು ಅಫಜಲಪುರ ತಾಲ್ಲೂಕನ್ನು ಹೊಕ್ಕು, ಗಾಣಗಾಪುರದ ಸಂಗಮದಲ್ಲಿ ಆಳಂದ ಸೀಮೆಯಿಂದ ಬರುವ ಅಮರಜಾ ನದಿಯನ್ನು ಕೂಡಿಕೊಂಡು, ಜೇವರ್ಗಿಯ ನೆಲವನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ನೀರಿನ ದಾರಿಯಷ್ಟೇ ಅಲ್ಲ, ಕಾಲುದಾರಿಗಳೂ ಇಲ್ಲಿ ಹೆಣೆದುಕೊಂಡಿವೆ. ಆಳಂದದಿಂದ ಅಕ್ಕಲಕೋಟೆಯ ಕಡೆಗೆ, ಅಲ್ಲಿಂದ ಸೋಲಾಪುರಕ್ಕೆ ವ್ಯಾಪಾರದ ದಾರಿ. ಆಷಾಢದಲ್ಲಿ ಪಂಢರಪುರಕ್ಕೆ, ಸೀಗೆ ಹುಣ್ಣಿಮೆಗೆ ತುಳಜಾಪುರಕ್ಕೆ ಭಕ್ತರು ನಡೆದುಹೋಗುವ ದಾರಿ. ಆಳಂದದ ಲಾಡ್ಲೆ ಮಶಾಯಕ ದರ್ಗಾದ ಉರುಸಿಗೂ ಭೀಮೆಯ ದಂಡೆಯ ಘತ್ತರಗಿ ಭಾಗಮ್ಮನ ಗುಡಿಗೂ ಜನ ಸೇರುವ ದಾರಿಗಳು. ಈ ಸೀಮೆಯ ಊರ ಹೆಸರುಗಳೇ ಒಡೆತನವನ್ನೂ ದಾರಿಯನ್ನೂ ನೆನಪಿನಲ್ಲಿಟ್ಟುಕೊಂಡಿವೆ. ಕಿಣ್ಣಿ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಒಂದು ಕಿಣ್ಣಿ ಸುಲ್ತಾನ, ಇನ್ನೊಂದು ಕಿಣ್ಣಿ ಅಬ್ಬಾಸ, ಮತ್ತೊಂದು ಕಿಣ್ಣಿ ಸಡಕ. ಒಂದು ಊರನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ಈ ಎಚ್ಚರ ಬೇನೆಯ ಕಾಲದಲ್ಲಿ ಗಡಿಯ ಎಚ್ಚರವಾಗಿ ಬೇರೆಯೇ ರೂಪ ಪಡೆಯುತ್ತಿತ್ತು.

1818ರ ಮೇ ತಿಂಗಳಲ್ಲಿ ಮನ್ರೋನ ಪಡೆ ಸೋಲಾಪುರವನ್ನು ಗೆದ್ದುಕೊಂಡಿತ್ತು. ಪೇಶ್ವೆಯ ಆಳ್ವಿಕೆ ಮುಗಿದ ಆ ವರ್ಷ ಸೈನಿಕರು, ಅವರ ಹಿಂದೆ ಸಾಮಾನು ಹೊತ್ತ ಕೂಲಿಗಳು, ದವಸ ಸಾಗಿಸುವ ಲಂಬಾಣಿಗಳು ದಖನ್ನಿನ ತುಂಬ ಓಡಾಡುತ್ತಿದ್ದರು. ಆದರೆ ಮುಂದಿನ ದಶಕಗಳ ಆಡಳಿತದ ಬರವಣಿಗೆಯಲ್ಲಿ ಸೈನ್ಯದ ಪಾತ್ರ ಮಸುಕಾಗಿ, ಯಾತ್ರಿಕನೇ ಬೇನೆಯ ವಾಹಕನಾಗಿ ನಿಂತ. 1866ರ ಕಾನ್‌ಸ್ಟಾಂಟಿನೋಪಲ್ ಆರೋಗ್ಯ ಸಮ್ಮೇಳನ, 1867ರ ಹರಿದ್ವಾರದ ಕುಂಭಮೇಳದ ಕಾಲರಾ, 1872ರಲ್ಲಿ ಒರಿಸ್ಸಾ ಕುರಿತು ಹಂಟರ್ ಬರೆದ ಗ್ರಂಥ, ಇವೆಲ್ಲವೂ ಈ ಚಿತ್ರವನ್ನು ಗಟ್ಟಿಗೊಳಿಸಿದವು. ಯಾತ್ರೆಯಿಂದ ಬೇನೆ ಹರಡಲಿಲ್ಲವೆಂದು ಹೇಳುವುದು ತಪ್ಪಾದೀತು, ಹರಡಿತು. ಆದರೆ ಬೇನೆಯನ್ನು ಹೊತ್ತು ನಡೆದ ಎರಡು ಜೋಡಿ ಕಾಲುಗಳಲ್ಲಿ ಒಂದರ ಹೆಜ್ಜೆಗುರುತನ್ನು ಮಾತ್ರ ಎಣಿಸಿದ ಬರವಣಿಗೆಯನ್ನು ನಿಷ್ಪಕ್ಷಪಾತವೆನ್ನಲಾಗದು.

ಆಳಂದ, ಅಫಜಲಪುರ, ಜೇವರ್ಗಿಗಳ ಲಿಖಿತ ಆಕರಗಳ ಸ್ಥಿತಿ ಬೇರೆ ಬಗೆಯದು. ಈ ಸೀಮೆ 1948ರವರೆಗೂ ನಿಜಾಮನ ಆಳ್ವಿಕೆಯಲ್ಲಿತ್ತು. ಆಳಂದ ಪಾಯಗಾ ಜಹಗೀರಿಗೆ ಸೇರಿದ ತಾಲ್ಲೂಕಾಗಿತ್ತು. ಆಡಳಿತದ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉರ್ದು. ಕುಲಕರ್ಣಿಗಳ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿ. ಕನ್ನಡದಲ್ಲಿ ‘ಮಾರಿಬೇನೆ’, ‘ವಾಂತಿಭೇದಿ’ ಎಂದು ಹುಡುಕುವ ಸಂಶೋಧಕನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅವನು ‘ಹೈಜಾ’, ‘ವಬಾ’, ‘ಪಟಕಿ’ ಎಂಬ ಪದಗಳನ್ನು ಓದಬಲ್ಲವನಾಗಿರಬೇಕು. ಕನ್ನಡ ಸಂಶೋಧನೆ ಮೋಡಿ ಮತ್ತು ಉರ್ದುಗಳನ್ನು ಕಲಿಯಲು ತೋರಿದ ಉದಾಸೀನಕ್ಕೆ ಈ ಸೀಮೆಯ ಚರಿತ್ರೆ ತೆತ್ತ ಬೆಲೆ ಸಣ್ಣದಲ್ಲ. ಜನಗಣತಿಯ ಸಂಖ್ಯೆಗಳು ಸ್ಥೂಲವಾದುವು. 1891ರಲ್ಲಿ 1,15,37,040 ಇದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1901ಕ್ಕೆ 1,11,41,142ಕ್ಕೆ ಇಳಿಯಿತು. ಈ ಇಳಿಕೆಯ ಹಿಂದೆ 1899–1900ರ ಬರವಿದೆ. ಬರಗಾಲದಲ್ಲಿ ಸತ್ತವರಲ್ಲಿ ಹೊಟ್ಟೆಗಿಲ್ಲದೆ ಸತ್ತವರೆಷ್ಟು, ಬತ್ತಿದ ಹಳ್ಳದಲ್ಲಿ ಉಳಿದ ಕೊನೆಯ ಮಡುವಿನ ನೀರು ಕುಡಿದು ಸತ್ತವರೆಷ್ಟು ಎಂಬ ವಿಂಗಡಣೆ ಅಂಥ ಸಂಖ್ಯೆಯಿಂದ ಹೊರಡುವುದಿಲ್ಲ. ದಂಡುಪ್ರದೇಶಗಳಲ್ಲಿ ಹೀಗಿರಲಿಲ್ಲ. 1895ರಲ್ಲಿ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ ಕಾಲರಾ ಕಾಣಿಸಿಕೊಂಡಾಗ ಸಿಕಂದರಾಬಾದಿನಿಂದ ರೊನಾಲ್ಡ್ ರಾಸ್‌ನನ್ನು ಕರೆಸಲಾಯಿತು. ಅವನು ಅಲ್ಲಿನ ನೈರ್ಮಲ್ಯವನ್ನು ಕುರಿತು ವಿಸ್ತಾರವಾದ ವರದಿಯನ್ನೇ ಬರೆದ. ಬಿಳಿಯ ಸಿಪಾಯಿ ಕುಡಿಯುವ ಬಾವಿಗೆ ವರದಿ ಇರುತ್ತಿತ್ತು.

ಹಾಗಾದರೆ ಕಾಗದವಿಲ್ಲದ ಊರು ತನ್ನ ಸಾವುಗಳನ್ನು ಎಲ್ಲಿ ಬರೆದಿಟ್ಟಿತು? ಅಗಸಿಯ ಹೊರಗೆ, ಗಡಿಯ ಕಲ್ಲಿನ ಬಳಿ, ಹಳ್ಳ ದಾಟುವಲ್ಲಿ ನಿಂತಿರುವ ಮರಗಮ್ಮನ ಕಟ್ಟೆಗಳಲ್ಲಿ ಬರೆದಿಟ್ಟಿತು ಎಂಬುದು ಒಂದು ಉತ್ತರ. ಕಲಬುರಗಿ ಸೀಮೆಯಲ್ಲಿ ಮರಗಮ್ಮ, ಮರಾಠಿ ಸೀಮೆಯಲ್ಲಿ ಮರಿಆಯಿ, ಜರಿಮರಿ. ಹೆಸರಿನಲ್ಲಿಯೇ ಸಾವಿದೆ. ಊರೊಡತಿಯಾದ ದ್ಯಾಮವ್ವನಂತೆ ಇವಳು ಊರ ನಡುವೆ ನೆಲೆಸಿದವಳಲ್ಲ. ಇವಳ ಜಾಗ ಅಂಚಿನಲ್ಲಿ.

ಕನ್ನಡದ ಗ್ರಾಮದೇವತೆಗಳ ಅಧ್ಯಯನ ಸಿದ್ಧಲಿಂಗಯ್ಯನವರ ‘ಗ್ರಾಮದೇವತೆಗಳು’ ಕೃತಿಯಿಂದ ಈಚೆಗೆ ಸಾಕಷ್ಟು ಬೆಳೆದಿದೆ. ಆದರೂ ಮಾರಿಯರನ್ನೆಲ್ಲ ಒಬ್ಬಳೇ ಆದಿಮ ತಾಯಿಯ ರೂಪಾಂತರಗಳೆಂದು ಕಾಣುವ ಅಭ್ಯಾಸ ಬಿಟ್ಟಿಲ್ಲ. ಈ ಅಭ್ಯಾಸದಲ್ಲಿ ಒಂದು ಮುಖ್ಯವಾದ ಭೇದ ಅಳಿಸಿಹೋಗುತ್ತದೆ. ಸಿಡುಬು ಬಂದಾಗ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಅವಳು ಅತಿಥಿ. ಬೇವಿನ ಸೊಪ್ಪು ಹಾಸಿ, ಒಗ್ಗರಣೆಯ ವಾಸನೆ ಬಾರದಂತೆ ನೋಡಿಕೊಂಡು, ಮೊಸರನ್ನ ಎಡೆಯಿಟ್ಟು, ಅವಳು ತಣಿದು ತಾನಾಗಿ ಹೋಗುವವರೆಗೆ ಕಾಯುತ್ತಿದ್ದರು. ರೋಗಿಯ ಮೈಯೇ ಅವಳ ಗುಡಿ. ಕಾಲರಾದ ಮಾರಿಯ ಜೊತೆ ಇಂಥ ಸಲುಗೆಯಿಲ್ಲ. ಅವಳು ಬೆಳಗ್ಗೆ ಬಂದು ಸಂಜೆಯೊಳಗೆ ಮನೆಮಂದಿಯನ್ನು ಒಯ್ಯುವವಳು. ಕಾದು ತಣಿಸಲು ಸಮಯವೇ ಇಲ್ಲ. ಆದ್ದರಿಂದ ಅವಳ ಆಚರಣೆ ಮನೆಯೊಳಗಿನದಲ್ಲ, ಇಡೀ ಊರಿನದು, ಉಪಚಾರದ್ದಲ್ಲ, ಸಾಗಹಾಕುವಂಥದ್ದು. ಉತ್ತರ ಕರ್ನಾಟಕದಲ್ಲಿ ‘ವಾರ ಹಿಡಿಯುವುದು’ ಎಂದರೆ ಮಂಗಳವಾರವೋ ಶುಕ್ರವಾರವೋ ಹೊಲಮನೆಯ ಕೆಲಸ ನಿಲ್ಲಿಸುವುದು, ಹೀಗೆ ಐದು ವಾರ ನಡೆಸುವುದು, ಕೊನೆಯ ವಾರ ಮನೆಯಲ್ಲಿ ಒಲೆ ಹಚ್ಚದೆ ಊರೇ ಹೊಲಕ್ಕೆ ಹೋಗಿ ಉಣ್ಣುವುದು. ಮರಾಠಿ ಸೀಮೆಯ ‘ಮರಿಆಯಿಯ ಗಾಡಾ’ ಎಂದರೆ ಮರದ ಪುಟ್ಟ ಬಂಡಿಯಲ್ಲಿ ದೇವಿಯನ್ನು ಕೂರಿಸಿ ಗಡಿಯಾಚೆ ಎಳೆದು ಬಿಟ್ಟುಬರುವುದು.

ಡೇವಿಡ್ ಅರ್ನಾಲ್ಡ್ ಅವರು 1986ರ ಪ್ರಬಂಧದಲ್ಲಿಯೂ 1993ರ ‘ಕಾಲನೈಸಿಂಗ್ ದ ಬಾಡಿ’ ಗ್ರಂಥದಲ್ಲಿಯೂ ಸಿಡುಬಿಗೆ ಇದ್ದಂತೆ ಕಾಲರಾಕ್ಕೆ ಭಾರತದಾದ್ಯಂತ ನೆಲೆಗೊಂಡ ದೇವತೆ ಇರಲಿಲ್ಲವೆಂದೂ, ಅದನ್ನು ಜನ ವಸಾಹತು ಆಕ್ರಮಣದ ಅವ್ಯವಸ್ಥೆಯೊಡನೆ ಜೋಡಿಸಿ ಕಂಡರೆಂದೂ ತೋರಿಸಿದ್ದಾರೆ. ಈ ಒಳನೋಟ ಬೆಲೆಯುಳ್ಳದ್ದು. ಸ್ಲೀಮನ್ 1844ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಬರುವ ಬುಂದೇಲಖಂಡದ ಹರದೌಲನ ಸಂಗತಿ ಇದಕ್ಕೆ ಪುಷ್ಟಿ ಕೊಡುತ್ತದೆ. ಹರದೌಲನ ಸಮಾಧಿಯ ತೋಪಿನಲ್ಲಿ ಹೇಸ್ಟಿಂಗ್ಸ್‌ನ ಸೈನ್ಯ ದನ ಕಡಿದದ್ದರಿಂದಲೇ ಬೇನೆ ಬಂತೆಂದು ಜನ ನಂಬಿದರು; ಆಮೇಲೆ ಅವನ ಕಟ್ಟೆಗಳು ಊರಿಂದೂರಿಗೆ ಹಬ್ಬಿದವು. ಅನಾದಿಯೆಂದು ಕಾಣುವ ಆರಾಧನೆಯೊಂದಕ್ಕೆ 1817 ಎಂಬ ಇಸವಿಯನ್ನು ಹಾಕಬಹುದು ಎಂಬುದು ಜಾನಪದ ಅಧ್ಯಯನಕ್ಕೆ ಸಣ್ಣ ಪಾಠವಲ್ಲ. ಆದರೆ ಅರ್ನಾಲ್ಡ್ ಅವರ ಆಕರಗಳು ಹೆಚ್ಚಾಗಿ ಅಧಿಕಾರಿಗಳ ಬರಹಗಳು. ಅಧಿಕಾರಿಗೆ ಕಂಡದ್ದು ಗದ್ದಲ, ಮೆರವಣಿಗೆ, ವದಂತಿ. ಗಡಿಯ ಯಾವ ದಿಕ್ಕಿಗೆ ದೇವಿಯನ್ನು ಸಾಗಿಸಿದರು, ಆ ದಿಕ್ಕೇ ಏಕೆ ಎಂಬುದನ್ನು ಅವನು ಕೇಳಲಿಲ್ಲ. ಬಿಷಪ್ ವೈಟ್‌ಹೆಡ್ (1916), ಎಂಥೋವನ್ (1924) ಮೊದಲಾದವರು ಕಾಲರಾದ ಆಚರಣೆಗಳನ್ನು ಸಂಗ್ರಹಿಸಿದರು, ಆದರೆ ಚಿಟ್ಟೆಗಳನ್ನು ಸೂಜಿಯಲ್ಲಿ ಚುಚ್ಚಿಟ್ಟ ಹಾಗೆ. ಯಾವ ವರ್ಷದ ಬೇನೆ, ಯಾವ ದಾರಿಯ ಊರು ಎಂಬ ವಿವರಗಳು ಬಹುಮಟ್ಟಿಗೆ ಉದುರಿಹೋದವು. ಕನ್ನಡದ ಸಂಗ್ರಾಹಕರೂ ಇದೇ ಮಾದರಿಯನ್ನು ಅನುಸರಿಸಿದರೆಂಬುದನ್ನು ಒಪ್ಪಿಕೊಳ್ಳಬೇಕು. ಹಾಡಿನ ಸಾಲುಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡರು, ಹಾಡಿದವರ ಅಜ್ಜಿ ಯಾವ ಬೇನೆಯಲ್ಲಿ ತೀರಿಕೊಂಡಳೆಂದು ಬರೆದುಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ, ಈಚಿನ ದಶಕಗಳಲ್ಲಿ ಇಂಥ ಆಚರಣೆಗಳನ್ನು ‘ಜನಪದ ವಿಜ್ಞಾನ’ವೆಂದು ಕೊಂಡಾಡುವ ಧೋರಣೆ ಬೆಳೆದಿದೆ. ವಾರ ಹಿಡಿದು ಓಡಾಟ ನಿಲ್ಲಿಸಿದ್ದು ಒಂದು ಬಗೆಯ ದಿಗ್ಬಂಧನ, ಊರು ಬಿಟ್ಟು ಹೊಲ ಸೇರಿದ್ದು ಕೆಟ್ಟ ನೀರಿನಿಂದ ದೂರವಾಗುವ ಉಪಾಯ ಎಂಬ ವಿವರಣೆಗಳು ಈ ಬಗೆಯವು. ಅದರಲ್ಲಿ ಸ್ವಲ್ಪ ನಿಜವಿರಬಹುದು. 1818–19ರ ಬಂದರಿನ ವೈದ್ಯವೂ ಹಳ್ಳಿಯ ನಂಬಿಕೆಗಿಂತ ಮೇಲಾಗಿರಲಿಲ್ಲ. ಪಾದರಸದ ಕ್ಯಾಲೊಮೆಲ್, ಅಫೀಮು, ರಕ್ತ ತೆಗೆಯುವುದು ಇವೇ ಅಂದಿನ ಚಿಕಿತ್ಸೆ. ಮೈಯ ನೀರೆಲ್ಲ ಬತ್ತಿ ಸಾಯುವವನ ರಕ್ತವನ್ನೂ ತೆಗೆದರು. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ ತೋರಿಸಿಕೊಟ್ಟದ್ದು 1854ರಲ್ಲಿ. ಕಲ್ಕತ್ತೆಯಲ್ಲಿ ರಾಬರ್ಟ್ ಕಾಕ್ ಅದರ ರೋಗಾಣುವನ್ನು ಖಚಿತಪಡಿಸಿದ್ದು 1884ರಲ್ಲಿ. ಕಲ್ಕತ್ತೆಯಲ್ಲಿಯೇ ಶಂಭುನಾಥ ಡೇ ಅವರು 1959ರಲ್ಲಿ ಅದರ ವಿಷವನ್ನು ಗುರುತಿಸಿದರು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಅವರು ಉಪ್ಪು–ಸಕ್ಕರೆ ಬೆರೆತ ನೀರನ್ನು ಬಾಯಿಂದಲೇ ಕುಡಿಸಿ, ಶೇಕಡಾ 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣವನ್ನು 3.6ಕ್ಕೆ ಇಳಿಸಿದರು. ಎಲ್ಲ ಮನೆಯಲ್ಲೂ ಇರುವ ಪದಾರ್ಥದಲ್ಲಿ ಮದ್ದು ಇತ್ತು ಎಂಬುದು ತಿಳಿಯಲು ಒಂದೂವರೆ ಶತಮಾನ ಹಿಡಿಯಿತು. ಆದರೆ ವೈದ್ಯ ಸೋತಿತ್ತೆಂಬ ಕಾರಣಕ್ಕೆ ಆಚರಣೆ ಗೆದ್ದಿತ್ತೆಂದು ಹೇಳಲಾಗದು.

‘ಜನಪದ ವಿಜ್ಞಾನ’ದ ವಾದ ಮುಖ್ಯವಾಗಿ ಎರಡು ಸಂಗತಿಗಳನ್ನು ಮರೆಮಾಚುತ್ತದೆ. ಗಡಿ ದಾಟಿಸಿದ ಮಾರಿ ಎಲ್ಲಿಗೆ ಹೋಗುತ್ತಾಳೆ? ಮುಂದಿನ ಊರಿಗೆ. ಒಂದು ಊರಿನ ಒಗ್ಗಟ್ಟು ಇನ್ನೊಂದು ಊರಿನ ಭಯ. ಬಂಡಿ ಬಂದು ನಿಂತಿದೆಯೆಂದು ತಿಳಿದ ಊರಿನವರು ಅದನ್ನು ತಮ್ಮ ಸೀಮೆಯಿಂದ ಮುಂದಕ್ಕೆ ತಳ್ಳುತ್ತಿದ್ದರು. ಬಂಡಿ ಊರಿಂದೂರಿಗೆ ಸಾಗಿದ ಆ ಸರಪಣಿಯೇ ಬೇನೆಯ ನಕಾಶೆ. ಅದೇ ಊರುಗಳ ನಡುವಿನ ವೈಮನಸ್ಯದ ನಕಾಶೆಯೂ ಹೌದು. ಎರಡನೆಯದಾಗಿ, ಅವಳನ್ನು ಹೊತ್ತು ದಾಟಿಸುವವರು ಯಾರು? ಗೌಡ, ಕುಲಕರ್ಣಿಗಳಲ್ಲ. ಹೊಲಗೇರಿಯವರು, ಮಾದರು, ಪೋತರಾಜರು. ಊರಿನ ಸಾವನ್ನು ತಲೆಯ ಮೇಲೆ ಹೊತ್ತು ಗಡಿಯವರೆಗೆ ನಡೆಯುವ ಮೈ ದಲಿತರದ್ದು. ಅದೇ ಜನಕ್ಕೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯೋ ಕೆಳಗಿನ ಮಡುವೋ ಅವರ ಪಾಲಿನದು. ನೀರಿನಿಂದ ಹರಡುವ ಬೇನೆಗೆ ಮೊದಲು ತುತ್ತಾಗುವ ಜಾಗದಲ್ಲಿ ಅವರನ್ನು ನಿಲ್ಲಿಸಿದ ವ್ಯವಸ್ಥೆಯೇ, ಬೇನೆಯನ್ನು ಹೊರಗೊಯ್ಯುವ ಗೌರವವನ್ನೂ ಅವರಿಗೇ ಕೊಟ್ಟಿತು. ಹ್ಯಾಂಬರ್ಗಿನ ಕೇರಿಗಳನ್ನು ಕುರಿತು ಇವಾನ್ಸ್ ಕೇಳಿದ ಪ್ರಶ್ನೆಯನ್ನು ಇಲ್ಲಿ ಕೇಳಲು ಕಾಗದದ ಅಗತ್ಯವಿಲ್ಲ. ಬಾವಿಗಳು ಎಲ್ಲೆಲ್ಲಿವೆ, ಯಾರ ಕೇರಿಗೆ ಯಾವುದು ಎಂಬುದನ್ನು ಗುರುತುಮಾಡಿಕೊಂಡರೆ ಸಾಕು.

ದುರುಗಮುರಗಿಯರನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕಾಗಿದೆ. ಹೆಣ್ಣು ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು ಉರುಮೆ ನುಡಿಸುತ್ತಾಳೆ. ಗಂಡು ಕಾಲಿಗೆ ಗೆಜ್ಜೆ ಕಟ್ಟಿ, ಬಾರುಕೋಲಿನಿಂದ ಬರಿಮೈಗೆ ಹೊಡೆದುಕೊಳ್ಳುತ್ತಾನೆ. ಕಲಾಪ್ರದರ್ಶನದ ವೇದಿಕೆಗಳಲ್ಲಿ ಇದು ‘ಜನಪದ ಕಲೆ’ಯಾಗಿ ಹದಿನೈದು ನಿಮಿಷಕ್ಕೆ ಒಗ್ಗಿಕೊಂಡಿದೆ. ಊರಿಂದೂರಿಗೆ ತಿರುಗುವ ಈ ಜನ ಗಡಿಯ ದೇವತೆಯನ್ನು ಒಂದೇ ಗಡಿಯಲ್ಲಿ ನಿಲ್ಲಗೊಡಲಿಲ್ಲ. ಮುಂಬಯಿಯಲ್ಲಿ ಜರಿಮರಿ ಎಂಬ ಹೆಸರಿನ ಬಡಾವಣೆಯೇ ಇದೆ. ವಿಮಾನ ನಿಲ್ದಾಣದ ಪಕ್ಕದಲ್ಲಿ, ದುಡಿಯುವವರ ಕೇರಿಗಳ ನಡುವೆ. ಕಲಬುರಗಿ ಸೀಮೆಯಿಂದ ದುಡಿಮೆಗೆ ಹೋದವರು ಆ ಮಹಾನಗರದಲ್ಲಿ ಅವಳ ಹೆಸರು ಕೇಳಿದಾಗ ಅಪರಿಚಿತಳೆಂದುಕೊಳ್ಳಲು ಕಾರಣವಿಲ್ಲ. ಬಂದರಿನ ಚರಿತ್ರೆಗಳು ವೈದ್ಯಕೀಯ ಮಂಡಳಿಯ ವರದಿಯಿಂದ ಆರಂಭವಾಗುತ್ತವೆ. ಬಂದರಿನ ಒಳಗೇ ಇರುವ ಈ ಗಡಿಯ ದೇವತೆಯನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ.

ಕನ್ನಡದ ಸೃಜನಶೀಲ ಸಾಹಿತ್ಯದ ಕಡೆ ಒಂದು ಮಾತು. ‘ಸಂಸ್ಕಾರ’ (1965), ‘ಗೃಹಭಂಗ’ (1970) ಕಾದಂಬರಿಗಳಲ್ಲಿ ಪ್ಲೇಗು ಗಟ್ಟಿಯಾದ ಜಾಗ ಪಡೆದಿದೆ. ಕಾಲರಾಕ್ಕೆ ಆ ಭಾಗ್ಯ ದೊರೆಯಲಿಲ್ಲ. ಪ್ಲೇಗು ಇಲಿಯ ಜೊತೆ ಅಗ್ರಹಾರದ ಒಳಕೋಣೆಗೂ ಬಂತು. ಬರೆಯಬಲ್ಲವರ ಮನೆಗೆ ಬಂತು. ಕಾಲರಾವೂ ಬಾರದಿರಲಿಲ್ಲ, ಆದರೆ ಅದರ ಸ್ಮೃತಿ ಹೆಚ್ಚಾಗಿ ಬರೆಯಲಾರದವರಲ್ಲಿ ಉಳಿಯಿತು.

ಆ ಸ್ಮೃತಿ ಮುಗಿದುಹೋದ ಸಂಗತಿಯಲ್ಲ ಎಂಬುದು 2020ರಲ್ಲಿ ಕಂಡುಬಂದಿತು. ದೇಶದ ಮೊದಲ ಕೋವಿಡ್ ಸಾವು ಆ ವರ್ಷದ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿಯೇ ಸಂಭವಿಸಿತು. ಮುಂದಿನ ವಾರಗಳಲ್ಲಿ ರಾಜ್ಯದ ಅನೇಕ ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಎಳೆದು, ರಸ್ತೆ ಅಗೆದು ಗಡಿ ಮುಚ್ಚಿದವು. ಮುಂಬಯಿ, ಪುಣೆಗಳಿಂದ ಮರಳಿದ ಕೂಲಿಕಾರರು ತಮ್ಮ ಊರಿನ ಅಗಸಿಯಲ್ಲಿಯೇ ಹೊರಗಿನವರಾಗಿ ನಿಂತರು. ಅದನ್ನು ಪತ್ರಿಕೆಗಳು ಹೊಸದೊಂದು ಅಮಾನವೀಯತೆಯೆಂದು ವರದಿ ಮಾಡಿದವು. ಮರಗಮ್ಮನ ಆಚರಣೆಯನ್ನು ಬಲ್ಲವರಿಗೆ ಅದು ಹೊಸದಾಗಿರಲಿಲ್ಲ. ಈ ಸಲ ಗಡಿಯಾಚೆ ನಿಲ್ಲಿಸಿದ್ದು ಮರದ ಬಂಡಿಯನ್ನಲ್ಲ, ಊರಿನ ಮಕ್ಕಳನ್ನೇ ಎಂಬ ವ್ಯತ್ಯಾಸವನ್ನು ಬಿಟ್ಟರೆ.

ಈ ಸೀಮೆಯಲ್ಲಿ ಮುಂದೆ ಕ್ಷೇತ್ರಕಾರ್ಯಕ್ಕೆ ಹೋಗುವವರು ಹಾಡಿನ ಪಠ್ಯದ ಜೊತೆಗೆ ಕೆಲವು ಸಾಮಾನ್ಯ ಸಂಗತಿಗಳನ್ನೂ ಬರೆದುಕೊಳ್ಳಬಹುದು: ಮರಗಮ್ಮನ ಕಟ್ಟೆ ಅಗಸಿಯಿಂದ ಯಾವ ದಿಕ್ಕಿಗಿದೆ, ಅವಳ ಮುಖ ಯಾವ ಊರಿನ ಕಡೆಗಿದೆ, ಹತ್ತಿರದ ಬಾವಿ ಯಾರದು, ವಾರ ಕೊನೆಯ ಸಲ ಹಿಡಿದದ್ದು ಯಾವ ಬರದ ಆಜೂಬಾಜು, ಅಂದು ದೇವಿಯನ್ನು ಹೊತ್ತ ಮನೆತನದವರು ಈಗ ಎಲ್ಲಿದ್ದಾರೆ. ಕಿಣ್ಣಿ ಸುಲ್ತಾನದಿಂದ ಭೀಮೆಯ ದಂಡೆಯವರೆಗಿನ ಊರುಗಳಲ್ಲಿ ಈ ಉತ್ತರಗಳನ್ನು ಒಂದೇ ನಕಾಶೆಯ ಮೇಲೆ ಗುರುತಿಸಿ, ಆಮೇಲೆ 1819ರ ಮುಂಬಯಿ ವರದಿಯನ್ನೂ ಹೈದರಾಬಾದಿನ ಉರ್ದು ಕಡತಗಳನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು.